ಒಂದೇ ಕೆಲಸಕ್ಕೆ ಎಷ್ಟು ಹೆಸರು?

ನಮ್ಮ ಲ್ಯಾಬಿನಲ್ಲಿ ಟ್ಯಾಲಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಸರ್ ಪೆನ್‌ಡ್ರೈವ್ ಚುಚ್ಚುತ್ತಾರೆ, ಸೆಟಪ್ ಫೈಲಿನ ಮೇಲೆ ಎರಡು ಸಲ ಒತ್ತುತ್ತಾರೆ, ಸ್ವಲ್ಪ ಹೊತ್ತಿಗೆ ಟ್ಯಾಲಿ ತೆರೆಯುತ್ತದೆ. ಎಜುಕೇಷನಲ್ ಮೋಡ್ ಆದ್ದರಿಂದ 1, 2 ಮತ್ತು 31ನೇ ತಾರೀಕಿಗೆ ಮಾತ್ರ ವೋಚರ್ ಬರೆಯಬಹುದು ಎಂದು ನಾವು ಗೊಣಗುತ್ತೇವೆ. ಗೊಣಗುವುದು ಅಷ್ಟಕ್ಕೇ. ಫೈಲು ಬಂದದ್ದು ಬೆಂಗಳೂರಿನ ಆ ಕಂಪನಿಯ ವೆಬ್‌ಸೈಟಿನಿಂದ, ಯಾವ ಸ್ಟೋರಿನಿಂದಲೂ ಅಲ್ಲ. ಆದರೂ ಯಾರಿಗೂ ಭಯವಿಲ್ಲ. ಇದಕ್ಕೆ ನಾವು ‘ಇನ್‌ಸ್ಟಾಲ್’ ಅನ್ನುತ್ತೇವೆ.

ಇದೇ ಕೆಲಸವನ್ನು ಮೊಬೈಲಿನಲ್ಲಿ ಮಾಡಿದರೆ ಹೆಸರು ಬದಲಾಗುತ್ತದೆ. ಅಲ್ಲಿ ಇದು ‘ಸೈಡ್‌ಲೋಡ್’. ಫೋನಿನ ಸೆಟ್ಟಿಂಗ್ಸ್‌ನಲ್ಲಂತೂ ಇನ್ನೂ ಗಂಭೀರವಾಗಿ ‘ಅಪರಿಚಿತ ಆ್ಯಪ್’ ಎಂದಿರುತ್ತದೆ. ಉದ್ರಿ ಬರೆದಿಡಲು ಒಂದು ಸಣ್ಣ ಆ್ಯಪನ್ನು ಎಫ್-ಡ್ರಾಯ್ಡ್‌ನಿಂದ ಅಬ್ಬಾನ ಫೋನಿಗೆ ಹಾಕುತ್ತಿದ್ದೆ. ಎಫ್-ಡ್ರಾಯ್ಡ್ ಎಂಬುದು 2010ರಿಂದ ಇರುವ ಆ್ಯಪ್ ಸಂಗ್ರಹ. ಅಲ್ಲಿರುವ ಆ್ಯಪ್‌ಗಳ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಎಚ್ಚರಿಕೆಯ ಪೆಟ್ಟಿಗೆ ಬಂದ ತಕ್ಷಣ ಅಬ್ಬಾ ಫೋನ್ ಕಿತ್ತುಕೊಂಡರು. “ಅಪರಿಚಿತ ಅಂದ್ರೆ ನಾಮಾಲೂಮ್ ನಾ? ನಕ್ಕೋ!” ಅಲ್ಲಿಗೆ ಮುಗಿಯಿತು. ಆ್ಯಪ್ ಮಾಡಿದವರು ಯಾರು, ಅದು ಏನು ಮಾಡುತ್ತದೆ ಎಂದು ಕೇಳಲೇ ಇಲ್ಲ. ಒಂದು ಶಬ್ದವೇ ತೀರ್ಪು ಕೊಟ್ಟುಬಿಟ್ಟಿತು.

ವಿಚಿತ್ರವೆಂದರೆ, ಡೇಟಾ ಅಗ್ಗವಾಗುವ ಮುಂಚೆ ಇದೇ ಅಬ್ಬಾ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು, ಗೇಮ್, ಆ್ಯಪ್ ಎಲ್ಲ ಹಾಕಿಸಿಕೊಂಡು ಬರುತ್ತಿದ್ದರು. ಆಗ ಅದಕ್ಕೆ ‘ಹಾಕಿಸುವುದು’ ಎಂಬುದೇ ಹೆಸರು. ಆಮೇಲೆ ಶೇರ್‌ಇಟ್, ಝೆಂಡರ್ ಬಂದವು (ಎರಡೂ 2020ರ ಜೂನ್‌ನಲ್ಲಿ ನಿಷೇಧವಾದವು). ಪಕ್ಕದಲ್ಲಿ ಕುಳಿತವರಿಗೆ ಆ್ಯಪ್ ಕೊಡುವುದಕ್ಕೆ ‘ಕಳಿಸು’ ಅನ್ನುತ್ತಿದ್ದೆವು. ಈ ಶಬ್ದಗಳಲ್ಲಿ ಭಯವೂ ಇರಲಿಲ್ಲ, ಎಚ್ಚರವೂ ಇರಲಿಲ್ಲ. ಎಚ್ಚರ ಇಲ್ಲದ್ದು ನಮ್ಮ ತಪ್ಪೇ, ಒಪ್ಪುತ್ತೇನೆ.

‘ಸೈಡ್‌ಲೋಡ್’ ಹುಟ್ಟಿದಾಗ ಅದಕ್ಕೂ ಕಳ್ಳದಾರಿಯ ಅರ್ಥ ಇರಲಿಲ್ಲ. ಮೇಲಕ್ಕೆ ಕಳಿಸಿದರೆ ಅಪ್‌ಲೋಡ್, ಕೆಳಕ್ಕೆ ತಂದರೆ ಡೌನ್‌ಲೋಡ್, ಅಕ್ಕಪಕ್ಕದ ಎರಡು ಸಾಧನಗಳ ನಡುವೆ ಸಾಗಿಸಿದರೆ ಸೈಡ್‌ಲೋಡ್, ಅಷ್ಟೇ. ಫೋನಿನಲ್ಲಿ ಸ್ಟೋರ್ ಎಂಬ ಮುಂಬಾಗಿಲು ಬಂದ ಮೇಲೆ ಉಳಿದೆಲ್ಲ ದಾರಿಗಳೂ ‘ಸೈಡ್’ ಆದವು. ಐಫೋನಿನವರ ಶಬ್ದ ಇನ್ನೂ ಜೋರು: ಕಂಪನಿಯ ಬೀಗ ತೆಗೆಯುವುದಕ್ಕೆ ‘ಜೈಲ್‌ಬ್ರೇಕ್’. ದುಡ್ಡು ಕೊಟ್ಟು ಫೋನ್ ಕೊಂಡವನೇ ಜೈಲಿನಿಂದ ಓಡಿದವನಾಗುತ್ತಾನೆ!

ಬೆಂಗಳೂರಿನ ಫೋನ್‌ಪೇ ಕಂಪನಿ 2024ರ ಫೆಬ್ರವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು. ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಅದು ಸಿಗುತ್ತದೆ. ಆದರೆ ಪ್ಲೇ ಸ್ಟೋರ್ ತನ್ನೊಳಗೆ ಇನ್ನೊಂದು ಆ್ಯಪ್ ಅಂಗಡಿಗೆ ಜಾಗ ಕೊಡುವುದಿಲ್ಲ. ಹಾಗಾಗಿ ಫೋನಿನಲ್ಲಿ ಮೊದಲೇ ಇಲ್ಲದಿದ್ದರೆ, ಇಂಡಸ್ ಬೇಕಾದವರು ವೆಬ್‌ಸೈಟಿನಿಂದ ಇಳಿಸಿಕೊಳ್ಳಬೇಕು, ಅದೇ ಎಚ್ಚರಿಕೆ ದಾಟಬೇಕು. ಕೋಟಿಗಟ್ಟಲೆ ಜನ ದಿನಾ ದುಡ್ಡು ಕಳಿಸಲು ನಂಬುವ ಕಂಪನಿ ಇಲ್ಲಿ ‘ಅಪರಿಚಿತ’! 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದಾಗ, ಸೈಡ್‌ಲೋಡಿಂಗ್ ತಡೆಯಬಾರದು ಎಂದೂ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ, ಆ ಸೂಚನೆಯನ್ನು ತೆಗೆದುಹಾಕಿತು.

ಹಾಗಾದರೆ ಎಚ್ಚರಿಕೆಯೇ ಸುಳ್ಳೇ? ಖಂಡಿತ ಅಲ್ಲ. ಮದುವೆ ಕಾರ್ಡು, ಆರ್‌ಟಿಒ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಫೈಲುಗಳು ನಿಜವಾಗಿಯೂ ಮೋಸ. ಹಾಕಿಕೊಂಡ ಕೂಡಲೇ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತವೆ, ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಗೆ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಆದರೆ ಮುಂಬಾಗಿಲಿನಿಂದ ಬಂದದ್ದೆಲ್ಲ ಒಳ್ಳೆಯದು ಎಂದೂ ಅಲ್ಲ. 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ ಗೂಗಲ್ ಪ್ಲೇ ಸ್ಟೋರಿನಿಂದ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ತೆಗೆಯಿತು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ತೆಗೆಯುವವರೆಗೂ ಅವೆಲ್ಲ ‘ಪರಿಚಿತ’ ಆ್ಯಪ್‌ಗಳೇ ಆಗಿದ್ದವು.

ಕಾಮರ್ಸ್‌ನವರಿಗೆ ಇದು ಬೇಗ ಅರ್ಥವಾಗಬೇಕು. ಲೆಕ್ಕದಲ್ಲಿ ಸಂಶಯಾಸ್ಪದ ಸಾಲ ಬೇರೆ, ವಸೂಲಾಗದ ಸಾಲ ಬೇರೆ. ಮೊದಲನೆಯದಕ್ಕೆ ಸ್ವಲ್ಪ ಮೊತ್ತ ತೆಗೆದಿಟ್ಟು ಕಾದು ನೋಡುತ್ತೇವೆ. ಎರಡನೆಯದನ್ನು ಪೂರ್ತಿ ಹೊಡೆದುಹಾಕುತ್ತೇವೆ. ‘ಅಪರಿಚಿತ’ ಎಂಬ ಒಂದೇ ಖಾತೆಯಲ್ಲಿ ಎಫ್-ಡ್ರಾಯ್ಡ್, ಇಂಡಸ್, ಕಳ್ಳ ಚಲನ್ ಮೂರನ್ನೂ ಬರೆದರೆ ಆಡಿಟರ್ ಒಪ್ಪುತ್ತಾನೆಯೇ? ಎಲ್ಲದಕ್ಕೂ ಒಂದೇ ಎಚ್ಚರಿಕೆ ಬಂದರೆ ಕೆಲವರು ಎಲ್ಲದಕ್ಕೂ ಹೆದರುತ್ತಾರೆ, ಉಳಿದವರು ಓದದೆ ಓಕೆ ಒತ್ತುತ್ತಾರೆ. ನಮ್ಮ ಕ್ಲಾಸಿನಲ್ಲಿ ಎರಡನೆಯವರೇ ಹೆಚ್ಚು.

ಇದನ್ನು ಈಗ ಬರೆಯಲು ಕಾರಣವಿದೆ. ಆ್ಯಪ್ ಎಲ್ಲಿಂದಲೇ ಬರಲಿ, ಅದನ್ನು ಮಾಡಿದವರು ತಮ್ಮಲ್ಲಿ ಗುರುತು ನೋಂದಾಯಿಸಿರಬೇಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ಗಳಲ್ಲಿ ಶುರುಮಾಡಿ, 2027ರಿಂದ ಉಳಿದ ದೇಶಗಳಿಗೂ ತರುವುದು ಅವರ ಯೋಜನೆ. ಹೀಗಾದರೆ ನಮ್ಮ ಕೆಲಸವೇ ನಿಂತುಹೋಗುತ್ತದೆ ಎಂದು ಎಫ್-ಡ್ರಾಯ್ಡ್‌ನವರು ಹೇಳಿದರು. ವಿರೋಧ ಹೆಚ್ಚಾದ ಮೇಲೆ, ಅಪಾಯ ಒಪ್ಪಿಕೊಳ್ಳುವ ಅನುಭವಿಗಳಿಗೆ ಬೇರೆ ದಾರಿ ಇಡುತ್ತೇವೆ ಎಂದು ನವೆಂಬರ್‌ನಲ್ಲಿ ಗೂಗಲ್ ಹೇಳಿತು. ಮೋಸಗಾರ ಹೆಸರು ಕೊಡಬೇಕಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ‘ಸೈಡ್‌ಲೋಡಿಂಗ್‌ಗೆ ಕಡಿವಾಣ’ ಎಂದು ಕೇಳಿದಾಗ ನಾವು ತಲೆಯಾಡಿಸುತ್ತೇವೆ. ‘ನಿಮ್ಮ ಫೋನಿನಲ್ಲಿ ನೀವು ಏನು ಹಾಕಬಹುದು ಎಂಬುದಕ್ಕೆ ಕಡಿವಾಣ’ ಎಂದಿದ್ದರೆ ಒಂದು ಕ್ಷಣ ನಿಲ್ಲುತ್ತಿದ್ದೆವು.

ಕಳೆದ ವಾರ ಅಬ್ಬಾನೇ ಫೋನ್ ಹಿಡಿದುಕೊಂಡು ಬಂದರು. ವಾಟ್ಸಾಪಿನಲ್ಲಿ ‘ಚಲನ್’ ಎಂಬ ಎಪಿಕೆ. “ಇದನ್ನು ಹಾಕು ಬೇಟಾ, ಇದು ನಾಮಾಲೂಮ್ ಅಲ್ಲ, ನಮ್ಮ ದೋಸ್ತೇ ಕಳಿಸಿದ್ದಾನೆ” ಅಂದರು. ಒತ್ತುವ ಮುಂಚೆ ಆ ಚಾಚಾಗೆ ಫೋನ್ ಮಾಡಿಸಿದೆ. ಅವರು ಏನೂ ಕಳಿಸಿರಲಿಲ್ಲ. ಬೆಳಿಗ್ಗೆಯಿಂದ ಅವರ ವಾಟ್ಸಾಪ್ ಅವರ ಕೈಯಲ್ಲೇ ಇರಲಿಲ್ಲ.