ಎಲುಬು ಟೊಳ್ಳಾದವರಿಗೆ ಹತ್ತು ನಿಮಿಷದ ವ್ಯಾಯಾಮ

“ಉಮ್ಮ, ನೀವು ಏನೂ ಮಾಡಬೇಡಿ, ಸುಮ್ಮನೆ ಕುಳಿತಿರಿ.” ತಪಾಸಣೆಯ ವರದಿಯಲ್ಲಿ ಆಸ್ಟಿಯೋಪೊರೋಸಿಸ್ ಎಂದು ಕಂಡೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತಿದು. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ದಿನವಿಡೀ ಕುಳಿತೇ ಇದ್ದರೆ ಸ್ನಾಯುಗಳು ಸೊರಗುತ್ತವೆ, ಎಲುಬು ಇನ್ನಷ್ಟು ತೆಳುವಾಗುತ್ತದೆ, ನಡೆಯುವಾಗ ಸಮತೋಲನ ತಪ್ಪುತ್ತದೆ. ಬೀಳಬಾರದೆಂದು ಕೂರಿಸಿದವರೇ ಬೀಳುವ ಸಾಧ್ಯತೆ ಹೆಚ್ಚುತ್ತದೆ.

ಆಸ್ಟಿಯೋಪೊರೋಸಿಸ್ ಎಂದರೆ ಎಲುಬಿನ ಸಾಂದ್ರತೆ ಕಡಿಮೆಯಾಗಿ ಅದು ಒಳಗಿನಿಂದ ಟೊಳ್ಳಾಗುವುದು. ಇದು ಮಂಡಿ ಸವೆತವಲ್ಲ. ಮಂಡಿ ಸವೆದರೆ ನೋವು ಎಚ್ಚರಿಸುತ್ತದೆ. ಇದರಲ್ಲಿ ಎಲುಬು ಮುರಿಯುವವರೆಗೂ ಸಾಮಾನ್ಯವಾಗಿ ಯಾವ ಸೂಚನೆಯೂ ಇರುವುದಿಲ್ಲ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ವಯಸ್ಸಾದ ಪುರುಷರಿಗೂ, ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ಸೇವಿಸಿದವರಿಗೂ ಬರಬಹುದು. ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ವೈದ್ಯರು ಈ ಕಾಯಿಲೆ ಇದೆ ಎನ್ನುತ್ತಾರೆ. ಹೆಚ್ಚಾಗಿ ಮುರಿಯುವುದು ಮಣಿಕಟ್ಟು, ಬೆನ್ನೆಲುಬು ಮತ್ತು ಸೊಂಟದ ಬಳಿಯ ಎಲುಬು.

ಎಲುಬು ಜೀವಂತ ಅಂಗ. ಅದರ ಮೇಲೆ ಮಿತವಾದ ಭಾರ ಬಿದ್ದಾಗ, ಸ್ನಾಯು ಅದನ್ನು ಎಳೆದಾಗ, ಅದು ತನ್ನ ಬಲವನ್ನು ಉಳಿಸಿಕೊಳ್ಳುತ್ತದೆ. ನಡಿಗೆ ಒಳ್ಳೆಯದೇ, ಆದರೆ ಅದೊಂದೇ ಸಾಲದು. ವೈದ್ಯರ ಒಪ್ಪಿಗೆ ಪಡೆದು, ವಾರದಲ್ಲಿ ಕನಿಷ್ಠ ಮೂರು ದಿನ ಈ ಐದನ್ನು ಮಾಡಿ:

1. ಕುರ್ಚಿಯಿಂದ ಏಳುವುದು: ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಬೆನ್ನು ನೇರವಾಗಿಟ್ಟು ನಿಧಾನವಾಗಿ ಎದ್ದು, ನಿಧಾನವಾಗಿ ಕುಳಿತುಕೊಳ್ಳಿ. 8ರಿಂದ 10 ಬಾರಿ. ಮೊದಮೊದಲು ಕೈಯ ಆಸರೆ ಪಡೆಯಬಹುದು.

2. ಹಿಮ್ಮಡಿ ಎತ್ತುವುದು: ಅಡುಗೆಮನೆಯ ಕಟ್ಟೆ ಹಿಡಿದು ನಿಂತು ಎರಡೂ ಹಿಮ್ಮಡಿ ಎತ್ತಿ. ಮೂರು ಎಣಿಸಿ ಇಳಿಸಿ. 10 ಬಾರಿ.

3. ಗೋಡೆ ತಳ್ಳುವುದು: ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು ಅಂಗೈಗಳನ್ನು ಗೋಡೆಗೆ ಒತ್ತಿ. ಮೊಣಕೈ ಮಡಚಿ ಗೋಡೆಯ ಹತ್ತಿರ ಹೋಗಿ, ತಳ್ಳಿ ಹಿಂದೆ ಬನ್ನಿ. 8ರಿಂದ 10 ಬಾರಿ.

4. ಬೆನ್ನಿಗೆ: ನೇರವಾಗಿ ಕುಳಿತು ಭುಜಗಳನ್ನು ಹಿಂದಕ್ಕೆ ಎಳೆದು, ಬೆನ್ನಿನ ಹಲಗೆಗಳನ್ನು ಹತ್ತಿರ ತನ್ನಿ. ಐದು ಎಣಿಸಿ ಸಡಿಲಿಸಿ. 8 ಬಾರಿ. ಬೆನ್ನು ಗೂನಾಗದಂತೆ ತಡೆಯಲು ಇದು ಸಹಾಯಕ.

5. ಸಮತೋಲನ: ಕಟ್ಟೆ ಹಿಡಿದು, ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ಒಂದೇ ಗೆರೆಯಲ್ಲಿಟ್ಟು 10ರಿಂದ 30 ಸೆಕೆಂಡ್ ನಿಲ್ಲಿ. ಬಳಿಕ ಕಾಲು ಬದಲಿಸಿ.

ಉಸಿರು ಬಿಗಿಹಿಡಿಯಬೇಡಿ. ತಲೆಸುತ್ತು, ಎದೆನೋವು ಅಥವಾ ಬೆನ್ನಿನಲ್ಲಿ ಹಠಾತ್ ನೋವು ಕಂಡರೆ ಕೂಡಲೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಈಗಾಗಲೇ ಎಲುಬು ಮುರಿದವರು, ಎತ್ತರ ಕುಗ್ಗಿದವರು ಫಿಸಿಯೋಥೆರಪಿಸ್ಟರ ಮುಂದೆಯೇ ಕಲಿಯಬೇಕು.

ಕೆಲವನ್ನು ಮಾಡಲೇಬಾರದು. ಬೆನ್ನು ಬಿಲ್ಲಿನಂತೆ ಬಾಗಿಸಿ ಕಾಲ್ಬೆರಳು ಮುಟ್ಟುವುದು, ಮಲಗಿದಲ್ಲಿಂದ ಹೊಟ್ಟೆಯ ಬಲದಿಂದ ಏಳುವುದು, ಸೊಂಟವನ್ನು ರಭಸದಿಂದ ತಿರುಚುವುದು, ಬಗ್ಗಿ ತುಂಬಿದ ಕೊಡ ಎತ್ತುವುದು. ಇವುಗಳಿಂದ ಬೆನ್ನೆಲುಬಿನ ಮುಂಭಾಗಕ್ಕೆ ಒತ್ತಡ ಬಿದ್ದು ಅದು ಕುಸಿಯಬಹುದು. ಗುಡಿಸಲು ಉದ್ದ ಹಿಡಿಯ ಪೊರಕೆ ಕೊಡಿ.

ಹಾಗಾದರೆ ನಮಾಝ್? ರುಕೂವಿನಲ್ಲಿ ಬೆನ್ನು ನೇರವಾಗಿದ್ದು ಸೊಂಟದಿಂದ ಬಾಗುತ್ತೇವೆ. ಬಾಗಬೇಕಾದ ಸರಿಯಾದ ಕ್ರಮವೂ ಅದೇ. ಆದರೆ ಬೆನ್ನೆಲುಬು ಮುರಿದವರಿಗೆ ನೆಲದ ಮೇಲಿನ ಸುಜೂದ್ ಮತ್ತು ಅಲ್ಲಿಂದ ಏಳುವುದು ಅಪಾಯವಾಗಬಹುದು. ಈ ಬಗ್ಗೆ ವೈದ್ಯರನ್ನು ಕೇಳಿ. ಅವರು ಬೇಡವೆಂದರೆ ಸಂಕೋಚಪಡಬೇಕಿಲ್ಲ. ಅಶಕ್ತರಿಗೆ ಕುಳಿತು, ಸನ್ನೆಯ ಮೂಲಕ ನಮಾಝ್ ನಿರ್ವಹಿಸುವ ಅನುಮತಿ ಶರೀಅತ್‌ನಲ್ಲಿದೆ. ಯಾವುದನ್ನು ನಿಂತು, ಯಾವುದನ್ನು ಕುಳಿತು ಮಾಡಬೇಕೆಂಬ ವಿವರವನ್ನು ನಿಮ್ಮ ಮಸ್ಜಿದ್‌ನ ಉಸ್ತಾದರಿಂದ ತಿಳಿದುಕೊಳ್ಳಿ.

ವುಝೂ ಮಾಡುವ ಜಾಗದ ಒದ್ದೆ ನೆಲ ವ್ಯಾಯಾಮಕ್ಕಿಂತ ಹೆಚ್ಚು ಅಪಾಯಕಾರಿ. ಜಾರದ ಮ್ಯಾಟ್, ಗೋಡೆಗೊಂದು ಹಿಡಿಕೆ, ಫಜ್ರ್‌ಗೆ ಏಳುವವರಿಗೆ ದಾರಿಯಲ್ಲೊಂದು ಸಣ್ಣ ದೀಪ ಇರಲಿ. ಊಟದಲ್ಲಿ ಹಾಲು, ಮೊಸರು, ಮುಳ್ಳಿನೊಂದಿಗೆ ತಿನ್ನುವ ಸಣ್ಣ ಮೀನು, ರಾಗಿ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವ್ಯಾಯಾಮ ಶುರುವಾಯಿತೆಂದು ವೈದ್ಯರು ಕೊಟ್ಟ ಔಷಧ ಬಿಡಬೇಡಿ.

ಇಂದು ಅಸರ್ ನಮಾಝ್ ಮುಗಿದ ಮೇಲೆ ಉಮ್ಮನ ಬಳಿ ಹೋಗಿ. ಗಟ್ಟಿಯಾದ ಒಂದು ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ವೈದ್ಯರು ಒಪ್ಪಿದ್ದರೆ ಮೊದಲ ದಿನ ಐದೇ ಬಾರಿ ಎದ್ದು ಕುಳಿತರೂ ಸಾಕು. ಎಣಿಸಲು ಮೊಮ್ಮಕ್ಕಳಿಗೆ ಹೇಳಿ.