ಸತ್ಯ ಬಯಲಾಗೋದು ಅಂದ್ರೆ

ಫಸ್ಟ್ ಇಯರ್ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಮ್ಮ ಬ್ಯಾಚಿಗೆ ಡಯೋಡ್ ಪ್ರಯೋಗ ಬಂದಿತ್ತು. ಸಿಲಿಕಾನ್ ಡಯೋಡ್ ಸುಮಾರು 0.7 ವೋಲ್ಟಿಗೆ ಆನ್ ಆಗಬೇಕು. ನಮ್ಮದು 0.3ಕ್ಕೇ ಆಯ್ತು. ಮೀಟರ್ ಕೆಟ್ಟಿದೆ ಅಂದ್ಕೊಂಡು ರೆಕಾರ್ಡಿನಲ್ಲಿ 0.7 ಅಂತಲೇ ಬರೆದೆವು, ಸಹಿಯೂ ಬಿತ್ತು. ಕಿಟ್ ವಾಪಸ್ ಕೊಡುವಾಗ ಗೊತ್ತಾಯ್ತು, ನಮಗೆ ಸಿಕ್ಕಿದ್ದು ಜರ್ಮೇನಿಯಂ ಡಯೋಡ್. ಅದು ಸರಿಯಾಗೇ ಇತ್ತು.

ಈ ವರ್ಷ ಜರ್ಮನ್ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್‌ನನ್ನು ಓದುವಾಗ ಆ ಡಯೋಡ್ ನೆನಪಾಯ್ತು. ಸತ್ಯದ ಸಾರ ಏನು ಎಂಬ ಬಗ್ಗೆ ಅವನು 1930ರಲ್ಲಿ ಒಂದು ಉಪನ್ಯಾಸ ಕೊಟ್ಟ. ಅದು ಅಚ್ಚಾಗಿದ್ದು 1943ರಲ್ಲಿ. ಮಾತು ವಸ್ತುವಿಗೆ ಹೊಂದಿದರೆ ಸತ್ಯ, ಅಷ್ಟೇ ಅಲ್ವಾ ಅಂತೀವಿ. ಅವನು ಒಂದು ನಾಣ್ಯ ತೋರಿಸ್ತಾನೆ. 'ನಾಣ್ಯ ದುಂಡಗಿದೆ' ಅನ್ನೋ ಮಾತು ನಿಜ. ಆದರೆ ನಾಣ್ಯ ಲೋಹದ್ದು, ಮಾತು ಅಲ್ಲ. ನಾಣ್ಯ ಕೊಟ್ಟು ಏನಾದರೂ ಕೊಳ್ಳಬಹುದು, ಮಾತು ಕೊಟ್ಟರೆ ಅಂಗಡಿಯವನು ನಗ್ತಾನೆ. ಮಾತು ದುಂಡಗೂ ಇಲ್ಲ. ಇಷ್ಟು ಬೇರೆಯಾದ ಎರಡು ಹೊಂದೋದು ಹೇಗೆ?

ಅದಕ್ಕೆ ಮೊದಲು ನಾಣ್ಯ ನಮ್ಮೆದುರು ತೆರೆದುಕೊಂಡು ಕಾಣಬೇಕು. ಹೊಂದಾಣಿಕೆ ಆಮೇಲಿನ ವಿಷಯ. ಸತ್ಯಕ್ಕೆ ಗ್ರೀಕರ ಪದ 'ಅಲೇಥೇಯಾ'. ಅದನ್ನವನು 'ಮರೆಯಿಂದ ಹೊರಬರುವುದು' ಎಂದು ಓದುತ್ತಾನೆ. ಕನ್ನಡದವರಿಗೆ ಇದು ಕಷ್ಟವಲ್ಲ, 'ಸತ್ಯ ಬಯಲಾಯ್ತು' ಅಂತ ನಾವೂ ಹೇಳ್ತೀವಿ. 'ಸತ್ಯ'ದೊಳಗಿನ 'ಸತ್' ಅಂದ್ರೂ 'ಇರುವುದು' ಅಂತಲೇ.

ಆದರೆ ಇದರಲ್ಲಿ ಸ್ವಾತಂತ್ರ್ಯ ಎಲ್ಲಿಂದ ಬಂತು? ನಾವು ತುಂಬಾ ಹೊತ್ತು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಸತ್ಯದ ಸಾರವೇ ಸ್ವಾತಂತ್ರ್ಯ ಅಂತಾನೆ ಅವನು. ಹಾಗಾದ್ರೆ ಬೇಕಾದ್ದನ್ನೆಲ್ಲ ಸತ್ಯ ಅನ್ನಬಹುದಾ? ಉಲ್ಟಾ. ಸ್ವಾತಂತ್ರ್ಯ ಅಂದ್ರೆ ಇರುವುದನ್ನು ಅದು ಇರುವ ಹಾಗೆ ಇರಲು ಬಿಡೋದು. ಬಿಡೋದು ಅಂದ್ರೆ ಕೈಬಿಡೋದಲ್ಲ. ಅದರ ಜೊತೆ ತೊಡಗಿ, ಅದು ತೋರಿದ್ದಕ್ಕೆ ನಮ್ಮನ್ನು ಒಡ್ಡಿಕೊಳ್ಳೋದು. ಲ್ಯಾಬಿನಲ್ಲಿ ನಮಗೆ ಯಾವ ಅಂಕಿಯನ್ನಾದರೂ ಬರೆಯೋ ಸ್ವಾತಂತ್ರ್ಯ ಇತ್ತು ನಿಜ. 0.7 ಅಂತ ಮೊದಲೇ ತೀರ್ಮಾನ ಮಾಡಿದ್ದರಿಂದ ಎದುರಿಗಿದ್ದ ಡಯೋಡನ್ನು ನೋಡೋ ಸ್ವಾತಂತ್ರ್ಯವೇ ಇರಲಿಲ್ಲ.

ಇನ್ನೊಂದು ಸಂಗತಿ ಮುಚ್ಚಿಟ್ಟರೆ ತಪ್ಪಾಗುತ್ತೆ. 1933ರಲ್ಲಿ ಇದೇ ಹೈಡೆಗರ್ ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆದ, ನಾಜಿ ಪಕ್ಷಕ್ಕೂ ಸೇರಿದ. ಮರುವರ್ಷ ಹುದ್ದೆ ಬಿಟ್ಟ, ಪಕ್ಷ ಬಿಡಲಿಲ್ಲ. ಇದು ಗೊತ್ತಾದಾಗ ನಮ್ಮಲ್ಲೊಬ್ಬಳು ಪುಸ್ತಕ ಮುಚ್ಚಿಟ್ಟಳು: 'ಇರುವುದನ್ನು ಇರಲು ಬಿಡಿ ಅಂದವನಿಗೆ ಪಕ್ಕದ ಮನೆ ಯಹೂದಿಗಳು ಕಾಣಲಿಲ್ವಾ?' ಉಳಿದ ನಾವು ಓದಿ ಮುಗಿಸಿದೆವು. ಅವಳಿಗೆ ಹೇಳೋಕೆ ಇನ್ನೂ ಉತ್ತರ ಸಿಕ್ಕಿಲ್ಲ.