ನೆರೆ ಬರುವುದು ಚಳಿಗಾಲಕ್ಕೆ: ಒಕವಾಂಗೊದಲ್ಲಿ ಮೊಕೊರೊ ಪಯಣ

ಒಕವಾಂಗೊ ಕಡಲು ಕಾಣದ ನದಿ. ಅಂಗೋಲದ ಎತ್ತರದ ಸೀಮೆಯಲ್ಲಿ ಹುಟ್ಟಿ ಬೋಟ್ಸ್ವಾನಾದ ಕಲಹರಿ ಮರಳಿನ ಮೇಲೆ ಹರಡಿ, ಬಹುಪಾಲು ಅಲ್ಲೇ ಆವಿಯಾಗುತ್ತದೆ. ನೆಲಕ್ಕೆ ಇಳಿಜಾರೇ ಇಲ್ಲವೆನ್ನಬಹುದು. ಹಾಗಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಅಂಗೋಲದಲ್ಲಿ ಸುರಿದ ಮಳೆ ಕೆಳತುದಿಯ ಮೌನ್ ಪಟ್ಟಣದ ಹತ್ತಿರ ಬರುವಷ್ಟರಲ್ಲಿ ಜೂನ್, ಜುಲೈ ಆಗಿರುತ್ತದೆ. ಆಗ ಅಲ್ಲಿ ಒಣ ಚಳಿಗಾಲ. ದೋಣಿ ಪಯಣಕ್ಕೆ ಅದೇ ಒಳ್ಳೆಯ ಕಾಲ. ಆದರೆ 2019ರಂಥ ಬರದ ವರ್ಷದಲ್ಲಿ ಮೌನ್ ಕಡೆಯ ನದಿಪಾತ್ರ ಬತ್ತಿದ್ದೂ ಉಂಟು. ಮುಂಗಡ ಕೊಡುವ ಮೊದಲು ನೀರಿದೆಯೇ ಎಂದು ಕೇಳಿಕೊಳ್ಳಿ.

ಮೊಕೊರೊ ಎಂದರೆ ಉದ್ದನೆಯ ಕಿರಿದಾದ ದೋಣಿ. ಹಿಂದೆ ದೊಡ್ಡ ಮರದ ಕಾಂಡವನ್ನೇ ಕೊರೆದು ಮಾಡುತ್ತಿದ್ದರು. ಮರ ಉಳಿಯಲೆಂದು ಈಗ ಹೆಚ್ಚಾಗಿ ಫೈಬರ್‌ಗ್ಲಾಸ್ ಬಳಸುತ್ತಾರೆ. ಸಾಮಾನ್ಯವಾಗಿ ಇಬ್ಬರು ಪ್ರಯಾಣಿಕರು ತಳಕ್ಕೆ ಹತ್ತಿಕೊಂಡೇ ಕೂರುತ್ತಾರೆ. ಹುಟ್ಟು ಹಾಕುವ ಕೆಲಸ ನಮಗಿಲ್ಲ. ಹಿಂದೆ ನಿಂತ ಅಂಬಿಗ ‘ನ್ಗಾಶಿ’ ಎಂಬ ಗಳವನ್ನು ನೆಲಕ್ಕೂರಿ ದೋಣಿ ತಳ್ಳುತ್ತಾನೆ. ಈ ಕಸುಬಿನಲ್ಲಿ ಹೆಂಗಸರೂ ಇದ್ದಾರೆ. ಗಳ ನೆಲ ಮುಟ್ಟಬೇಕಾದ್ದರಿಂದ ದಾರಿ ಜೊಂಡಿನ ನಡುವಿನ ಆಳವಿಲ್ಲದ ನೀರಿನಲ್ಲೇ ಸಾಗುತ್ತದೆ. ಅದರಿಂದ ಇನ್ನೊಂದು ಲಾಭವೂ ಇದೆ: ಹಗಲು ಹೊತ್ತು ನೀರಾನೆಗಳು ಆಳದ ಮಡುಗಳಲ್ಲಿರುತ್ತವೆ. ಇಲ್ಲಿ ನಿಜವಾಗಿ ಹೆದರಬೇಕಾದ್ದು ಅವಕ್ಕೇ, ಮೊಸಳೆಗಿಂತ ಹೆಚ್ಚು. ಕತ್ತಲಾದ ಮೇಲೆ ಅವು ಮೇಯಲು ದಡ ಹತ್ತುವುದರಿಂದ ಅಷ್ಟರೊಳಗೆ ದೋಣಿಗಳು ನೀರು ಬಿಟ್ಟಿರಬೇಕು.

ಬಿಡಾರ ಹೂಡುವುದು ದ್ವೀಪಗಳಲ್ಲಿ. ಎಷ್ಟೋ ದ್ವೀಪಗಳಿಗೆ ಗೆದ್ದಲಿನ ಹುತ್ತವೇ ಬುನಾದಿ. ಹುತ್ತದ ಮೇಲೆ ಮರ ಬೆಳೆದು, ಬೇರುಗಳು ನೀರನ್ನು ಹೀರಿ ಉಪ್ಪನ್ನು ಹಿಂದೆ ಬಿಡುತ್ತವೆ. ಉಪ್ಪು ನಡುವೆ ಸೇರುತ್ತಾ ಅಲ್ಲಿ ಬಿಳಿ ಬಯಲಾಗುತ್ತದೆ, ಮರಗಳು ಅಂಚಿನಲ್ಲಿ ಉಳಿಯುತ್ತವೆ. ಟೆಂಟಿಗೆ ನೆರಳು ಸಿಗುವುದೂ ಆ ಅಂಚಿನಲ್ಲೇ. ಬೇಲಿ ಇಲ್ಲ, ಶೌಚಕ್ಕೆ ಅಗೆದ ಗುಂಡಿ. ರಾತ್ರಿ ಟೆಂಟಿನ ಪಕ್ಕದಲ್ಲೇ ಆನೆ ಕೊಂಬೆ ಮುರಿದರೂ ಜಿಪ್ ತೆಗೆಯಬಾರದು. ಬೆಳಿಗ್ಗೆ ಅಂಬಿಗನೇ ಮಾರ್ಗದರ್ಶಿಯಾಗಿ ಕಾಲ್ನಡಿಗೆಗೆ ಕರೆದೊಯ್ಯುತ್ತಾನೆ, ಸಾಮಾನ್ಯವಾಗಿ ಕೈಯಲ್ಲಿ ಬಂದೂಕಿಲ್ಲದೆ. ಅವನ ಹಿಂದೆ ಸಾಲಾಗಿ ನಡೆಯಬೇಕು, ಕೈ ಎತ್ತಿದರೆ ನಿಲ್ಲಬೇಕು, ಏನೇ ಬಂದರೂ ಹೇಳದೆ ಓಡಬಾರದು. ಈ ಶಿಸ್ತು ಒಗ್ಗದವರು ಜೀಪ್ ಸಫಾರಿಗೆ ಹೋಗುವುದು ವಾಸಿ.

ಮೌನ್ ಸುತ್ತಲಿನ ಹಳ್ಳಿಗಳ ಅಂಬಿಗರನ್ನು ಒಕವಾಂಗೊ ಕೊಪಾನೊ ಮೊಕೊರೊ ಸಮುದಾಯ ಟ್ರಸ್ಟ್ ಒಟ್ಟುಗೂಡಿಸಿದೆ. ಹಲವು ಅಗ್ಗದ ಪಯಣಗಳಲ್ಲಿ ಟೆಂಟು, ಊಟ, ಕುಡಿಯುವ ನೀರು ನಮ್ಮದೇ. ಏನೇನು ಸೇರಿದೆ ಎಂದು ವಿಚಾರಿಸಿ. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಜೂನ್, ಜುಲೈ ರಾತ್ರಿಗಳು ಕೊರೆಯುತ್ತವೆ, ಸ್ವೆಟರ್ ಬೇಕೇ ಬೇಕು. ದೋಣಿಯ ಅಂಚು ನೀರಿನಿಂದ ಗೇಣುದ್ದವೂ ಮೇಲಿರುವುದಿಲ್ಲ; ಕ್ಯಾಮೆರಾ, ಪಾಸ್‌ಪೋರ್ಟ್‌ಗಳನ್ನು ನೀರು ಹೊಗದ ಚೀಲದಲ್ಲಿ ಕಟ್ಟಿಡಿ.